‘ಕುಲಕರ್ಣಿ’ ಎಂಬ ಅಡ್ಡಹೆಸರು

ಮನುಷ್ಯನಿಗೆ ತಾಯಿತಂದೆಗಳು ತೊಟ್ಟಿಲಲ್ಲಿ ಇಟ್ಟ ಹೆಸರು ಒಂದು. ಊರು, ಉದ್ಯೋಗ, ಸರಕಾರ ಇವು ಮೂರೂ ಕೂಡಿ ಆಮೇಲೆ ಅಂಟಿಸಿದ ಹೆಸರು ಇನ್ನೊಂದು. ಈ ಎರಡನೆಯ ಹೆಸರನ್ನು ಉತ್ತರ ಕರ್ನಾಟಕದ ಜನರು ಅಡ್ಡಹೆಸರು ಎನ್ನುವರು. ಮರಾಠಿಗರು ಆಡನಾವ ಎನ್ನುವರು. ಎರಡೂ ಮಾತುಗಳ ಕಟ್ಟು ಒಂದೇ ಆಗಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನೆರೆಹೊರೆಯಲ್ಲಿ ಬಾಳಿದ ಎರಡು ಭಾಷೆಗಳು ಉಪ್ಪು ಎಣ್ಣೆಗಳನ್ನು ಕಡ ಕೊಟ್ಟು ತಂದಂತೆ ಇಂಥ ಮಾತುಗಳನ್ನೂ ಕೊಟ್ಟು ತಂದಿವೆ.

ಜೂನ್ ತಿಂಗಳಲ್ಲಿ ಶಾಲೆ ತೆರೆದೊಡನೆ ಹಾಜರಿಪುಸ್ತಕದಲ್ಲಿ ಹೊಸ ಹೆಸರುಗಳನ್ನು ಬರೆಯುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಈ ಪ್ರಾಂತದ ಪದ್ಧತಿಯಂತೆ ಅಡ್ಡಹೆಸರು ಮೊದಲು, ಸ್ವಂತದ ಹೆಸರು ಆಮೇಲೆ, ತಂದೆಯ ಹೆಸರು ಕೊನೆಗೆ. ಕುಲಕರ್ಣಿ, ಪಾಟೀಲ, ದೇಶಪಾಂಡೆ, ಬಡಿಗೇರ, ಹಿರೇಮಠ, ಮತ್ತೆ ಕುಲಕರ್ಣಿ. ಹೀಗೆ ಸಾಲು ಸಾಗುತ್ತದೆ. ನಡುವಿನ ಬಡಿಗೇರ, ಹಿರೇಮಠಗಳನ್ನು ಮುಚ್ಚಿ ಹಿಡಿದರೆ, ಇದು ಧಾರವಾಡದ ಶಾಲೆಯ ಪುಸ್ತಕವೋ ನಾಸಿಕದ ಶಾಲೆಯ ಪುಸ್ತಕವೋ ಹೇಳಲು ಯಾರಿಂದಲೂ ಆಗದು. ಕಳೆದ ವರ್ಷ ಎಂಟನೆಯ ಇಯತ್ತೆಯ ಒಬ್ಬ ಕುಲಕರ್ಣಿ, ಪಾಠ ಮುಗಿದ ಮೇಲೆ ನಮ್ಮ ಬಳಿ ಬಂದು, “ಸರ್, ನಮ್ಮ ಓಣಿಯ ಹುಡುಗರು ‘ನೀನು ಕುಲಕರ್ಣಿ, ಅಂದ ಮೇಲೆ ಮರಾಠಿಯವನೇ, ಕನ್ನಡ ಶಾಲೆಗೆ ಯಾಕೆ ಹೋಗುತ್ತೀ’ ಎಂದು ಕೇಳುತ್ತಾರೆ. ನಮ್ಮ ಅಜ್ಜಿಗೆ ಮಾತ್ರ ಕನ್ನಡ ಬಿಟ್ಟು ಬೇರೆ ಮಾತೇ ಬರುವುದಿಲ್ಲ. ನಾವು ಯಾರು, ಸರ್?” ಎಂದು ಕೇಳಿದನು. ಹನ್ನೆರಡು ಹದಿಮೂರು ವರುಷದ ಬಾಲಕನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಒಂದೇ ಮಾತಿನಲ್ಲಿ ಉತ್ತರಿಸಿ ಅವನನ್ನು ಕಳುಹಿಸಿಬಿಡುವುದು ನಮಗೆ ಸರಿದೋರಲಿಲ್ಲ. ಆದುದರಿಂದ ಈ ಒಂದು ಅಡ್ಡಹೆಸರು ಎಲ್ಲಿಂದ ಬಂದಿತು, ಏಕೆ ಇಷ್ಟೊಂದು ಹರಡಿತು ಎಂಬುದನ್ನು ಇಲ್ಲಿ ತುಸು ವಿಸ್ತಾರವಾಗಿ ವಿವೇಚಿಸಲಿಚ್ಛಿಸಿದ್ದೇವೆ.

ಮೊದಲು ಶಬ್ದವನ್ನು ಬಿಡಿಸಿ ನೋಡೋಣ. ‘ಕರ್ಣಿ’ ಎಂಬುದನ್ನು ಕಂಡು ಮಹಾಭಾರತದ ಕರ್ಣನನ್ನು ನೆನೆಯುವವರುಂಟು. ಊರ ಸುದ್ದಿಗೆಲ್ಲ ಕಿವಿಗೊಡುವವನೇ ಕುಲಕರ್ಣಿ ಎಂದು ನಗೆಯಾಡುವವರೂ ಉಂಟು. ನಗೆಗೆ ಅಡ್ಡಿಯಿಲ್ಲ, ಆದರೆ ಶಬ್ದದ ಮೂಲ ಅದಲ್ಲ. ಹಳೆಯ ಬರಹದಲ್ಲಿ ಈ ಹೆಸರು ‘ಕುಳಕರಣಿ’, ‘ಕುಳಕರ್ಣಿ’ ಎಂದೂ ಬರುತ್ತದೆ. ಆ ಳಕಾರವನ್ನು ಮರೆಯಬಾರದು. ಕುಲ ಎಂದರೆ ವಂಶ. ಕುಳ ಎಂದರೆ ಬೇರೆ. ಕನ್ನಡದಲ್ಲಿ ಕುಳವೆಂದರೆ ನೇಗಿಲಿನ ಕಬ್ಬಿಣದ ಮೊನೆ; ಕಂದಾಯ ಕೊಡುವ ಒಕ್ಕಲಿಗನೂ ಕುಳವೇ. ಹಣವುಳ್ಳವನನ್ನು ‘ಭಾರಿ ಕುಳ’ ಎಂದು ಇಂದಿಗೂ ಕರೆಯುತ್ತೇವಲ್ಲ, ಅದು ಈ ಮಾತೇ. ಮರಾಠಿಯಲ್ಲಿ ಕುಳವೆಂದರೆ ಇನ್ನೊಬ್ಬರ ಹೊಲವನ್ನು ಉಳುವ ಗೇಣಿದಾರ. 1948ರ ಮುಂಬಯಿ ಗೇಣಿ ಕಾನೂನಿಗೆ ಹಳ್ಳಿಯ ಜನರು ‘ಕುಳ ಕಾಯದಾ’ ಎಂದೇ ಹೆಸರಿಟ್ಟರು. ಇನ್ನು ‘ಕರಣ’ವೆಂದರೆ ಲೆಕ್ಕಪತ್ರ, ಬರೆಹದ ಕಚೇರಿ, ಅದನ್ನು ನೋಡಿಕೊಳ್ಳುವವನು ಕರಣಿಕ. ಅಂದ ಮೇಲೆ ಕುಳಗಳ ಲೆಕ್ಕವನ್ನು ಬರೆಯುವವನು, ಎಂದರೆ ಯಾವ ರೈತನ ಹೊಲವೆಷ್ಟು, ಕಂದಾಯವೆಷ್ಟು, ಬಾಕಿಯೆಷ್ಟು ಎಂಬುದನ್ನು ದಾಖಲು ಮಾಡುವವನು ಕುಲಕರ್ಣಿ. ಕುಲವನ್ನು ವಂಶವೆಂದೇ ತಿಳಿದು, ಮನೆತನಗಳ ಲೆಕ್ಕವೆಂದು ಅರ್ಥ ಹೇಳುವವರೂ ಇದ್ದಾರೆ. ಆದರೆ ಆತನು ಮಾಡುತ್ತಿದ್ದ ಕೆಲಸಕ್ಕೆ ಮೊದಲಿನ ಅರ್ಥವೇ ಹೆಚ್ಚು ಒಪ್ಪುತ್ತದೆಂದು ನಮ್ಮ ಮತ.

‘ಕರಣ’ ಎಂಬ ಈ ಮಾತಿನ ಬೆನ್ನು ಹತ್ತಿದರೆ ಅದು ನಮ್ಮನ್ನು ನಾಸಿಕ ಮತ್ತು ಸಂಭಾಜಿನಗರ ಜಿಲ್ಲೆಗಳಿಗೇ ಕರೆದೊಯ್ಯುತ್ತದೆ. ನಾಸಿಕದಿಂದ ಪುಣೆಯ ದಾರಿ ಹಿಡಿದರೆ ಸಿಗುವ ಸಿನ್ನರ ಎಂಬ ಊರು ಸೇವುಣ ಯಾದವರ ಹಳೆಯ ರಾಜಧಾನಿ; ಅಲ್ಲಿಯ ಗೊಂದೇಶ್ವರ ದೇವಾಲಯವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ನೋಡಿರಬಹುದು. ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ಐದನೆಯ ಭಿಲ್ಲಮನು ರಾಜಧಾನಿಯನ್ನು ದೇವಗಿರಿಗೆ ಒಯ್ದನು. ಸಂಭಾಜಿನಗರದ ಸಮೀಪದಲ್ಲಿ ದೌಲತಾಬಾದದ ಕೋಟೆಯೆಂದು ಹೆಸರಾದ ಬೆಟ್ಟವೇ ಆ ದೇವಗಿರಿ. ಈ ಅರಸರ ಶಾಸನಗಳಲ್ಲಿ ಕನ್ನಡದವು ಬಹಳ. ಸಂಸ್ಕೃತದವೂ ಮರಾಠಿಯವೂ ಉಂಟು. ಒಂದೇ ಸಿಂಹಾಸನದ ಎದುರಿಗೆ ಎರಡೂ ದೇಶಭಾಷೆಗಳು ನಡೆದವು. ಅಲ್ಲಿಯ ಮಂತ್ರಿ ಹೇಮಾದ್ರಿಗೆ ‘ಶ್ರೀಕರಣಾಧಿಪ’ ಎಂಬ ಪದವಿಯಿತ್ತು. ಶ್ರೀಕರಣವೆಂದರೆ ರಾಜ್ಯದ ಬರೆಹದ ಕಚೇರಿ. ಮೋಡಿ ಲಿಪಿಯನ್ನು ಬಳಕೆಗೆ ತಂದವನು ಈ ಹೇಮಾದ್ರಿಯೇ, ಅಂದರೆ ಹೇಮಾಡಪಂತನೇ, ಎಂದು ಮಹಾರಾಷ್ಟ್ರದ ಜನ ನಂಬಿ ಬಂದಿದ್ದಾರೆ. ಅತ್ತ ದಕ್ಷಿಣದಲ್ಲಿ ಹೊಯ್ಸಳರ ಕನ್ನಡ ಶಾಸನಗಳಲ್ಲಿಯೂ ‘ಶ್ರೀಕರಣದ ಹೆಗ್ಗಡೆ’ಗಳು ಬರುತ್ತಾರೆ. ಹೀಗೆ ಕರಣವು ಕನ್ನಡದ್ದು ಮಾತ್ರವೂ ಅಲ್ಲ, ಮರಾಠಿಯದು ಮಾತ್ರವೂ ಅಲ್ಲ. ಸಂಸ್ಕೃತದಿಂದ ಬಂದು ದಖ್ಖಣದ ಆಡಳಿತದಲ್ಲಿ ಎಲ್ಲೆಡೆಯೂ ನಿಂತ ಮಾತು.

ತೆಲುಗು ನಾಡಿನಲ್ಲಿ ಊರ ಲೆಕ್ಕಿಗನನ್ನು ಕರಣಂ ಎಂದೇ ಕರೆದರು. 2000ದ ಸಿಡ್ನಿ ಒಲಿಂಪಿಕ್ ಪಂದ್ಯದಲ್ಲಿ ಭಾರ ಎತ್ತಿ ಕಂಚಿನ ಪದಕ ಗೆದ್ದ ಕರ್ಣಂ ಮಲ್ಲೇಶ್ವರಿಯವರ ಹೆಸರಿನ ಮೊದಲ ಮಾತು ಅದು. ಹಳೆಯ ಮೈಸೂರಿನಲ್ಲಿ ಅದೇ ಕೆಲಸದವನು ಶಾನುಭೋಗ. ಶಾಸನಗಳಲ್ಲಿ ಸೇನಬೋವನೆಂದು ಬರುವವನು ಇವನೇ. ಕರಾವಳಿಯಲ್ಲಿ ಅದು ಶಾನಭಾಗ ಎಂಬ ಅಡ್ಡಹೆಸರಾಗಿ ಉಳಿಯಿತು. ಒಂದು ಊರಿಗೆ ಕುಲಕರ್ಣಿಯಾದರೆ, ಊರೂರು ಕೂಡಿದ ನಾಡಿಗೆ ನಾಡಕರ್ಣಿ. ‘ನಾಡು’ ಅಚ್ಚ ದ್ರಾವಿಡ ಮಾತು, ನಮ್ಮ ಕನ್ನಡದ್ದೇ. ಆದರೂ ಆ ಅಡ್ಡಹೆಸರಿನ ಬಾಪು ನಾಡಕರ್ಣಿಯವರು ಹುಟ್ಟಿದ್ದು ಗೋದಾವರಿಯ ದಂಡೆಯ ನಾಸಿಕದಲ್ಲಿ, 1933ರಲ್ಲಿ. 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಒಂದೂ ಓಟ ಕೊಡದೆ ಸಾಲಾಗಿ ಇಪ್ಪತ್ತೊಂದು ಓವರು ಎಸೆದವರು ಅವರೇ. ಲೆಕ್ಕದವರ ಮನೆತನದ ಹೆಸರಿನವರು ಓಟ ಕೊಡುವುದರಲ್ಲಿ ಇಷ್ಟು ಬಿಗಿಯಾಗಿದ್ದುದು ಸಹಜವೇ ಎಂದು ನಮ್ಮ ಗಣಿತದ ಅಧ್ಯಾಪಕರು ಹೇಳುವರು.

ಇನ್ನು ಕುಲಕರ್ಣಿಯ ಕೆಲಸವೇನು? ಊರಿನ ಹಿರಿತನ ಇಬ್ಬರಲ್ಲಿ ಹಂಚಿಹೋಗಿತ್ತು. ಪಾಟೀಲನು, ಅಂದರೆ ನಮ್ಮ ಗೌಡನು, ಮುಂದಾಳು. ಕಂದಾಯ ವಸೂಲಿ, ನ್ಯಾಯ, ಕಾವಲು ಅವನವು. ಕುಲಕರ್ಣಿಯು ಬರೆಯುವವನು. ಹಳೆಯ ಕಾಗದಗಳಲ್ಲಿ ಪಾಟೀಲನು ತನ್ನ ರುಜುವಿನ ಬದಲು ನೇಗಿಲಿನ ಗುರುತು ಹಾಕುತ್ತಿದ್ದನು. ಆ ಗುರುತಿನ ಪಕ್ಕದಲ್ಲಿ ಕಾಗದವನ್ನು ಬರೆದವನು ಕುಲಕರ್ಣಿ. ಹೊಲದ ಮೇರೆ, ಬೆಳೆ, ತೆರಿಗೆ, ಇನಾಮು, ವಾದವಿವಾದ ಎಲ್ಲವನ್ನೂ ಅವನು ಮೋಡಿ ಅಕ್ಷರದಲ್ಲಿ ಬರೆದು, ರುಮಾಲಿನಲ್ಲಿ ಗಂಟು ಕಟ್ಟಿ, ಮನೆಯ ಅಟ್ಟದ ಮೇಲೆ ಇಡುತ್ತಿದ್ದನು. ಊರಿನ ದಫ್ತರವೆಂದರೆ ಆ ಅಟ್ಟವೇ. ಅರಸರು ಬದಲಾದರು. ನಿಜಾಮಶಾಹಿಯ ಮಲಿಕ್ ಅಂಬರನು 1610ರಲ್ಲಿ ಖಡಕಿ ಎಂಬ ಊರನ್ನು ಕಟ್ಟಿ, ಭೂಮಿಯ ಕಂದಾಯಕ್ಕೆ ಹೊಸ ಕಟ್ಟಳೆ ಹಾಕಿದನು. ಆಮೇಲೆ ಮೊಗಲರು ಬಂದರು, ಪೇಶವೆಯರು ಬಂದರು, 1818ರಲ್ಲಿ ಇಂಗ್ಲಿಷರು ಬಂದರು. ಯಾರು ಬಂದರೂ ಊರಿನ ಲೆಕ್ಕ ಬೇಕು. ಅದು ಕುಲಕರ್ಣಿಯ ಅಟ್ಟದ ಮೇಲೆ ಇತ್ತು. ಆ ಖಡಕಿಯೇ ಫತೇನಗರವಾಗಿ, ಔರಂಗಾಬಾದವಾಗಿ, 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು. ನಗರದ ಹೆಸರು ಮೂರು ಸಲ ಬದಲಾದರೂ ಅಲ್ಲಿಯ ಕುಲಕರ್ಣಿಗಳ ಹೆಸರು ಒಮ್ಮೆಯೂ ಬದಲಾಗಲಿಲ್ಲ.

ಈ ಅಧಿಕಾರ ವತನದ್ದು, ಅಂದರೆ ವಂಶಪರಂಪರೆಯದು. ತಂದೆಯ ಲೇಖನಿ ಮಗನಿಗೆ. ನಾಲ್ವರು ಮಕ್ಕಳಿದ್ದರೆ ವತನದಲ್ಲಿ ನಾಲ್ಕು ಪಾಲು. ಕೆಲಸವನ್ನು ಸರದಿಯಂತೆ ಒಬ್ಬೊಬ್ಬರು ಮಾಡುವರು, ಆದರೆ ಕುಲಕರ್ಣಿ ಎಂಬ ಹೆಸರು ನಾಲ್ಕೂ ಮನೆಗೆ. ಇಲ್ಲಿಯೇ ನಮ್ಮ ವಿಷಯದ ಗುಟ್ಟು ಇದೆ. ಒಂದು ಅಡ್ಡಹೆಸರು ಬಹಳ ಜನರಲ್ಲಿ ಕಂಡುಬಂದರೆ, ಅವರೆಲ್ಲ ಯಾರೋ ಒಬ್ಬ ಮೂಲಪುರುಷನ ಸಂತಾನವೆಂದು ನಾವು ಸಾಮಾನ್ಯವಾಗಿ ಭಾವಿಸುವೆವು. ಕುಲಕರ್ಣಿಗಳ ವಿಷಯದಲ್ಲಿ ಇದು ನಿಜವಲ್ಲ. ಸಾವಿರಾರು ಊರುಗಳಿದ್ದವು, ಊರಿಗೊಂದು ಕುಲಕರ್ಣಿ ವತನವಿತ್ತು, ಒಂದೊಂದು ಊರಿನ ಮನೆತನವೂ ಬೇರೆ. ಆದ್ದರಿಂದ ನಮ್ಮ ಶಾಲೆಯ ಇಬ್ಬರು ಕುಲಕರ್ಣಿಗಳು ಒಂದೇ ಬೆಂಚಿನಲ್ಲಿ ಕುಳಿತರೂ ರಕ್ತಸಂಬಂಧಿಗಳಾಗಿರಬೇಕಾಗಿಲ್ಲ. ಅವರ ಗೋತ್ರ ಬೇರೆ, ಮನೆದೇವರು ಬೇರೆ, ಮನೆಮಾತು ಸಹ ಬೇರೆ ಇರಬಹುದು. ಇವರಲ್ಲಿ ಬಹುತೇಕರು ಬ್ರಾಹ್ಮಣ ಮನೆತನದವರು. ಪಾಟೀಲರಾದರೋ ಮರಾಠರು, ಲಿಂಗಾಯತರು, ಜೈನರು, ಮುಸಲ್ಮಾನರು ಎಲ್ಲರಲ್ಲಿಯೂ ಇದ್ದಾರೆ. ಊರ ಗೌಡಿಕೆ ಯಾರ ಕೈಯಲ್ಲಿತ್ತೋ ಅವರು ಪಾಟೀಲರು, ಅಷ್ಟೇ.

ಇದನ್ನು ಚೆನ್ನಾಗಿ ಬಲ್ಲವರು ನಾಸಿಕ ಮತ್ತು ತ್ರ್ಯಂಬಕೇಶ್ವರದ ತೀರ್ಥಪುರೋಹಿತರು. ಯಾತ್ರೆಗೆ ಬಂದವರ ವಂಶಾವಳಿಯನ್ನು ವಹಿಗಳಲ್ಲಿ ಬರೆದಿಟ್ಟು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಪದ್ಧತಿ ಅಲ್ಲಿದೆ. ನಾವು ಹಿಂದೊಮ್ಮೆ ಸ್ನೇಹಿತರೊಡನೆ ರಾಮಕುಂಡಕ್ಕೆ ಹೋಗಿದ್ದಾಗ, ಜೊತೆಗಿದ್ದ ಕುಲಕರ್ಣಿಯವರು ಹೆಮ್ಮೆಯಿಂದ ತಮ್ಮ ಅಡ್ಡಹೆಸರನ್ನು ಹೇಳಿದರು. ಪುರೋಹಿತರು ನಕ್ಕು, “ಅದು ಇರಲಿ, ಯಾವ ಊರಿನ ಕುಲಕರ್ಣಿ?” ಎಂದು ಕೇಳಿದರು. ಊರಿನ ಹೆಸರಿಲ್ಲದೆ ಕುಲಕರ್ಣಿ ಎಂಬ ಹೆಸರಿನಿಂದ ವಹಿಯಲ್ಲಿ ಯಾರೂ ಸಿಗರು.

ಇಂಥದು ನಮ್ಮ ದೇಶದಲ್ಲಿ ಮಾತ್ರ ನಡೆಯಿತೆಂದು ತಿಳಿಯಬಾರದು. ಜರ್ಮನರ ನಾಡಿನಲ್ಲಿ ಹಿಂದೆ ಊರಿಗೊಬ್ಬ ‘ಶುಲ್ಟ್‌ಹೈಸ್’ ಇರುತ್ತಿದ್ದನು. ‘ಶುಲ್ಡ್’ ಎಂದರೆ ಸಲ್ಲಬೇಕಾದ ಬಾಕಿ. ‘ಹೈಸೆನ್’ ಎಂದರೆ ಆಜ್ಞೆ ಮಾಡು. ಒಡೆಯನಿಗೆ ಸಲ್ಲಬೇಕಾದುದನ್ನು ಸಲ್ಲಿಸೆಂದು ಹೇಳುವ ಊರ ಮುಖ್ಯಸ್ಥನವನು. ನಮ್ಮ ಪಾಟೀಲ ಕುಲಕರ್ಣಿಗಳ ಸರೀಕನೆನ್ನಬಹುದು. ಆ ಉದ್ದನೆಯ ಮಾತು ಜನರ ಬಾಯಲ್ಲಿ ಸವೆದು ಶುಲ್ಟ್‌ಸ್, ಶುಲ್ಟ್‌ಸೆ, ಶುಲ್ಟೆ, ಶೋಲ್ಟ್‌ಸ್ ಎಂದು ಸೀಮೆಗೊಂದು ರೂಪ ತಾಳಿ ಅಡ್ಡಹೆಸರಾಯಿತು. ಇಂದು ಜರ್ಮನಿಯಲ್ಲಿ ಹೆಚ್ಚಾಗಿ ಕಾಣುವ ಅಡ್ಡಹೆಸರುಗಳ ಮೊದಲ ಹತ್ತರ ಸಾಲಿನಲ್ಲಿ ಶುಲ್ಟ್‌ಸ್ ಎಂಬುದು ಒಂದು. 2021ರಿಂದ 2025ರವರೆಗೆ ಆ ದೇಶದ ಪ್ರಧಾನಿಯಾಗಿದ್ದವರ ಹೆಸರು ಓಲಾಫ್ ಶೋಲ್ಟ್‌ಸ್. ಅಮೇರಿಕೆಗೆ ವಲಸೆ ಹೋದವರಲ್ಲಿ ಅದೇ ಹೆಸರು ಶುಲ್ಟ್ಸ್ ಎಂದು ನಿಂತಿತು. ಸ್ನೂಪಿ ಎಂಬ ನಾಯಿಯ ಚಿತ್ರಕಥೆಯನ್ನು ಬರೆದ ಚಾರ್ಲ್ಸ್ ಶುಲ್ಟ್ಸ್‌ರನ್ನು ನಮ್ಮ ಬಾಲಕರು ಬಲ್ಲರು. ಇದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ ಈ ಜರ್ಮನ್ ಮಾತು ಗಡಿ ದಾಟಿ ಪೋಲೆಂಡಿಗೆ ಹೋಗಿ ‘ಸೋಲ್ತಿಸ್’ ಆಯಿತು, ಹಂಗೇರಿಗೆ ಹೋಗಿ ‘ಶೋಲ್ತೇಸ್’ ಆಯಿತು, ಎರಡೂ ಕಡೆ ಅಡ್ಡಹೆಸರೂ ಆಯಿತು. ಪೋಲೆಂಡಿನಲ್ಲಿ ಹಳ್ಳಿಯ ಮುಖಂಡನನ್ನು ಇಂದಿಗೂ ಸೋಲ್ತಿಸ್ ಎಂದೇ ಕರೆಯುತ್ತಾರೆ. ಹೆಸರು ಜರ್ಮನ್ ಮೂಲದ್ದೆಂದು ಅಂಥ ಹೆಸರಿನ ಪೋಲಿಷ್ ರೈತನು ಜರ್ಮನನಾಗುವನೇ? ಓಣಿಯ ಹುಡುಗರಿಗೆ ಈ ಪ್ರಶ್ನೆಯನ್ನು ಹಾಕಬಹುದು.

ಜರ್ಮನ್ ಹೆಸರುಗಳ ಮಾತು ಬಂದಾಗ, ಕನ್ನಡಿಗರೆಲ್ಲರೂ ಬಲ್ಲ ಒಂದು ಜರ್ಮನ್ ಅಡ್ಡಹೆಸರನ್ನು ಹೇಳದೆ ಮುಂದೆ ಹೋಗುವುದು ಸಲ್ಲ. ಬಾಸೆಲ್ ಮಿಶನ್ನಿನ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ಲರು ಮಾಡಿದ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಜರ್ಮನ್ ಭಾಷೆಯಲ್ಲಿ ‘ಕಿಟ್ಟೆಲ್’ ಎಂದರೆ ಕೆಲಸಗಾರರು ತೊಡುವ ಸಡಿಲವಾದ ಮೇಲಂಗಿ. ಅಂಥ ಅಂಗಿ ಹೊಲಿಯುವವರಿಗೆ, ಇಲ್ಲವೆ ತೊಡುವವರಿಗೆ ಬಂದ ಹೆಸರದು. ನಮ್ಮ ಶಬ್ದಗಳನ್ನೆಲ್ಲ ಅಳೆದು ತೂಗಿ ಅರ್ಥ ಬರೆದ ಮಹನೀಯರ ಸ್ವಂತ ಹೆಸರಿಗೆ ಅಂಗಿಯೆಂಬ ಅರ್ಥವಿರುವುದನ್ನು ಕೇಳಿದರೆ ಮಕ್ಕಳಿಗೆ ಮೋಜೆನಿಸೀತು.

ಮತ್ತೆ ನಮ್ಮ ಊರಿಗೆ ಬರೋಣ. ಕುಲಕರ್ಣಿ ಎಂಬ ಹೆಸರನ್ನು ಹೊಗಳುವುದಷ್ಟೇ ನಮ್ಮ ಉದ್ದೇಶವಲ್ಲ. ಊರಿಗೆ ಊರೇ ಓದುಬರಹವಿಲ್ಲದೆ ಇದ್ದಾಗ, ಬರೆಯಬಲ್ಲ ಒಂದೇ ಮನೆತನದ ಕೈಯಲ್ಲಿ ಎಲ್ಲರ ಹೊಲದ ಕಾಗದವಿದ್ದರೆ ಏನಾಗುವುದೆಂದು ಊಹಿಸುವುದು ಕಷ್ಟವಲ್ಲ. ಹೆಬ್ಬೆಟ್ಟು ಒತ್ತಿದವನಿಗೆ ತಾನು ಯಾವುದಕ್ಕೆ ಒತ್ತಿದೆನೆಂಬುದು ತಿಳಿಯದು. ಧರ್ಮದಿಂದ ನಡೆದ ಕುಲಕರ್ಣಿಗಳೂ ಇದ್ದರು. ಬರಗಾಲದಲ್ಲಿ ರೈತನ ಪರವಾಗಿ ಅರ್ಜಿ ಬರೆದುಕೊಟ್ಟವರಿದ್ದರು. ಒಂದು ಗೀಟಿನಿಂದ ಹೊಲದ ಮೇರೆಯನ್ನೇ ಸರಿಸಿದವರೂ ಇದ್ದರು. ಮಹಾತ್ಮಾ ಜೋತಿಬಾ ಫುಲೆಯವರು 1883ರಲ್ಲಿ ಬರೆದ ‘ಶೇತಕರ್ಯಾಚಾ ಆಸೂಡ’ ಎಂಬ ಗ್ರಂಥದಲ್ಲಿ ರೈತನ ದುರವಸ್ಥೆಯ ಕಾರಣಗಳನ್ನು ಹೇಳುವಾಗ ಈ ಲೇಖನಿಯವರನ್ನು ಕಠಿಣವಾಗಿ ಟೀಕಿಸಿದ್ದಾರೆ. ಆ ಟೀಕೆಯಲ್ಲಿ ಸತ್ಯಾಂಶವಿದೆ ಎಂಬುದನ್ನು ಕುಲಕರ್ಣಿ ಮನೆತನದ ಮಕ್ಕಳೂ ತಿಳಿದಿರುವುದು ಒಳ್ಳೆಯದು. ಅಕ್ಷರ ಕೆಲವರದಷ್ಟೇ ಆಗಿದ್ದುದು ಇಲ್ಲಿಯ ದೋಷ. ದೋಷವನ್ನು ಹೆಸರಿನ ಮೇಲೆ ಹಾಕಿ ಇಂದಿನ ಬಾಲಕನನ್ನು ಹಂಗಿಸುವುದೂ ತರವಲ್ಲ.

ವತನದ ವ್ಯವಸ್ಥೆಯನ್ನು ಇಂಗ್ಲಿಷ್ ಸರಕಾರ 1874ರ ಕಾನೂನಿನಿಂದ ಕಟ್ಟಿಹಾಕಿತು, ತೆಗೆಯಲಿಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರು ತಮ್ಮ ಸಂಸ್ಥಾನದಲ್ಲಿ 1918ರಲ್ಲಿ ಕುಲಕರ್ಣಿ ವತನಗಳನ್ನು ತೆಗೆದುಹಾಕಿ ಸಂಬಳದ ತಲಾಠಿಗಳನ್ನು ನೇಮಿಸಿದರು. ತಲಾಠಿಯಾಗಲು ಯಾವ ಜಾತಿಯ ಅಡ್ಡಿಯೂ ಇರಲಿಲ್ಲವೆಂಬುದೇ ಅದರ ಸಾರ. ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಸರಕಾರವು ಪರಗಣೆ ಮತ್ತು ಕುಲಕರ್ಣಿ ವತನಗಳ ರದ್ದತಿಯ ಕಾನೂನನ್ನು 1950ರಲ್ಲಿ ಮಾಡಿತು. 1951ರ ಮೇ 1ರಿಂದ ಅದು ಜಾರಿಗೆ ಬಂದಿತು. ದೇಶಪಾಂಡೆ, ದೇಸಾಯಿ, ದೇಶಮುಖರ ಪರಗಣೆಯ ವತನಗಳೂ ಆಗಲೇ ಮುಗಿದವು. ಅಂದಿನಿಂದ ಕುಲಕರ್ಣಿ ಎಂಬುದು ಅಧಿಕಾರವಲ್ಲ, ಬರಿಯ ಹೆಸರು. ಮೈಸೂರು ರಾಜ್ಯದಲ್ಲಿ ಗ್ರಾಮಾಧಿಕಾರಗಳ ರದ್ದತಿಯ ಕಾನೂನು 1961ರಲ್ಲಿ ಬಂದು, 1963ರಿಂದ ಶಾನುಭೋಗಿಕೆಯೂ ನಿಂತಿತು.

ಇಲ್ಲಿ ಭೂಪಟವನ್ನು ಒಮ್ಮೆ ತೆರೆದು ನೋಡಬೇಕು. 1950ರ ಆ ಕಾನೂನು ನಾಸಿಕಕ್ಕೂ ಅನ್ವಯಿಸಿತು, ಧಾರವಾಡಕ್ಕೂ ಅನ್ವಯಿಸಿತು. ಏಕೆಂದರೆ 1956ರ ಅಕ್ಟೋಬರ್ ಕೊನೆಯವರೆಗೆ ನಾಸಿಕ, ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಇವೆಲ್ಲ ಒಂದೇ ಮುಂಬಯಿ ರಾಜ್ಯದ ಜಿಲ್ಲೆಗಳು. ಔರಂಗಾಬಾದವಾದರೋ ಕಲಬುರ್ಗಿ, ರಾಯಚೂರು, ಬೀದರಗಳೊಡನೆ ಹೈದರಾಬಾದ ನಿಜಾಮರ ರಾಜ್ಯದಲ್ಲಿತ್ತು. ಅಲ್ಲಿ ಊರ ಲೆಕ್ಕಿಗನಿಗೆ ಸರಕಾರದ ಹೆಸರು ಪಟವಾರಿ. ಮನೆತನದ ಹೆಸರು ಮಾತ್ರ ಕುಲಕರ್ಣಿಯೇ ಆಗಿ ಉಳಿಯಿತು. ನಾಸಿಕಕ್ಕೆ ಧಾರವಾಡ ಒಡಹುಟ್ಟು, ಸಂಭಾಜಿನಗರಕ್ಕೆ ಕಲಬುರ್ಗಿ ಒಡಹುಟ್ಟು ಎಂದು ಹೇಳಿದರೆ ಇಂದಿನ ಮಕ್ಕಳು ಆಶ್ಚರ್ಯಪಡುವರು. 1956ರ ನವೆಂಬರ್ 1ರಂದು ಭಾಷೆಯನ್ನು ಅನುಸರಿಸಿ ಗೆರೆ ಎಳೆದಾಗ ಕನ್ನಡ ಜಿಲ್ಲೆಗಳು ಮೈಸೂರಿಗೆ ಬಂದವು. ಮರಾಠವಾಡೆ ಮುಂಬಯಿಗೆ ಹೋಗಿ, 1960ರ ಮೇ 1ರಂದು ಮಹಾರಾಷ್ಟ್ರದಲ್ಲಿ ಸೇರಿತು. ಗೆರೆ ಎಳೆದದ್ದು ಜಿಲ್ಲೆಗಳ ನಡುವೆ. ಅಡ್ಡಹೆಸರುಗಳ ನಡುವೆ ಯಾರೂ ಗೆರೆ ಎಳೆಯಲಿಲ್ಲ, ಎಳೆಯಲು ಬರುವಂತೆಯೂ ಇರಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯನ್ನು ಹೇಳುವಾಗ ದಕ್ಷಿಣಕ್ಕೆ ಕಾವೇರಿಯನ್ನೂ ಉತ್ತರಕ್ಕೆ ಗೋದಾವರಿಯನ್ನೂ ಹೆಸರಿಸುತ್ತದೆ. ವೇರೂಳಿನ, ಎಂದರೆ ಎಲ್ಲೋರದ, ಕೈಲಾಸ ದೇವಾಲಯವನ್ನು ಬೆಟ್ಟದಲ್ಲಿ ಕೊರೆಯಿಸಿದ ರಾಷ್ಟ್ರಕೂಟ ಒಂದನೆಯ ಕೃಷ್ಣನ ವಂಶದವರ ಆಸ್ಥಾನದಲ್ಲಿಯೇ ಆ ಗ್ರಂಥ ಹುಟ್ಟಿತು. ಇದನ್ನು ಹೇಳಿ ನೆರೆಯವರೊಡನೆ ಜಗಳ ತೆಗೆಯಬಾರದು. ಎರಡೂ ಮಾತಿನ ಜನರು ಎಷ್ಟು ಕಾಲ ಒಂದೇ ಅಂಗಳದಲ್ಲಿ ಇದ್ದರೆಂಬುದಕ್ಕೆ ಇದು ಸಾಕ್ಷಿಯಾಗಿ ಸಾಕು.

ಒಂದು ಮಾತನ್ನು ಮರೆಮಾಚಲಾಗದು. ಪೇಶವೆಯರ ಕಾಲದಲ್ಲಿಯೂ ಆಮೇಲೆಯೂ ಧಾರವಾಡ ಸೀಮೆಯ ಕನ್ನಡ ಕ��ಲಕರ್ಣಿ ಮನೆಯಲ್ಲಿ ಕನ್ನಡವಾಡಿ, ದಫ್ತರದಲ್ಲಿ ಮೋಡಿ ಮರಾಠಿ ಬರೆಯುತ್ತಿದ್ದನು. ಶಾಲೆಗಳಲ್ಲಿಯೂ ಮರಾಠಿಯೇ ನಡೆಯುತ್ತಿತ್ತು. ಆ ಪ್ರಾಂತದಲ್ಲಿ ಕನ್ನಡ ಶಾಲೆಗಳು ಬೆಳೆಯಲು ಡೆಪ್ಯುಟಿ ಚನ್ನಬಸಪ್ಪನವರಂಥವರು ಹತ್ತೊಂಬತ್ತನೆಯ ಶತಮಾನದಲ್ಲಿ ಬಹಳ ಶ್ರಮಪಡಬೇಕಾಯಿತು. ಅಂದು ಕನ್ನಡ ನೆಲದಲ್ಲಿಯೇ ಕನ್ನಡ ಶಾಲೆಗೆ ಆ ಪಾಡು. ಇಂದು ಪರಸ್ಥಳದಲ್ಲಿ ಕನ್ನಡ ಶಾಲೆಯ ಹಾಜರಿಪುಸ್ತಕ ತುಂಬುವುದೆಷ್ಟು ಕಷ್ಟವೆಂಬುದನ್ನು ನಾವು ಬರೆಯಬೇಕಾಗಿಲ್ಲ.

ಈಗ ಈ ಹೆಸರಿನವರು ಎಲ್ಲೆಲ್ಲಿ ಇದ್ದಾರೆಂದು ನೋಡಿದರೆ, ಎಲ್ಲಿ ಇಲ್ಲವೆಂದು ಕೇಳುವುದೇ ಸುಲಭ. ವಿಜಾಪುರ, ಬಾಗಲಕೋಟೆ, ಧಾರವಾಡ, ಬೆಳಗಾವಿ, ಕಲಬುರ್ಗಿ. ಸೊಲ್ಲಾಪುರ, ಸಾಂಗ್ಲಿ, ಪುಣೆ, ನಾಸಿಕ, ಸಂಭಾಜಿನಗರ. ಅತ್ತ ಹೈದರಾಬಾದ, ಇತ್ತ ಬೆಂಗಳೂರು. ನಾಸಿಕದ ಸಾತಪುರ ಅಂಬಡಗಳ, ಸಂಭಾಜಿನಗರದ ವಾಳೂಜ ಚಿಕಲಠಾಣಗಳ ಕಾರಖಾನೆಗಳಿಗೆ ಕೆಲಸ ಹುಡುಕಿ ಬಂದವರಲ್ಲಿ ಮರಾಠಿ ಕುಲಕರ್ಣಿಯೂ ಇದ್ದಾನೆ, ಕನ್ನಡ ಕುಲಕರ್ಣಿಯೂ ಇದ್ದಾನೆ. ಸಾಹಿತ್ಯದಲ್ಲಿ ನೋಡಿ: ಕನ್ನಡ ಕಾದಂಬರಿಯ ಹಿರಿಯರಲ್ಲಿ ಒಬ್ಬರಾದ ಗಳಗನಾಥರು ವೆಂಕಟೇಶ ತಿರಕೋ ಕುಲಕರ್ಣಿ, ಮರಾಠಿಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದು ನಮ್ಮ ಜನರಿಗೆ ಓದುವ ಹುಚ್ಚು ಹಿಡಿಸಿದವರು. ‘ಗ್ರಾಮಾಯಣ’ ಕಾದಂಬರಿಯ ರಾವಬಹಾದ್ದೂರರೂ ಕುಲಕರ್ಣಿಗಳೇ. ಇನ್ನೊಂದು ಕಡೆ, ಮರಾಠಿಯ ಶ್ರೇಷ್ಠ ಕಥೆಗಾರ ಜಿ. ಎ. ಕುಲಕರ್ಣಿಯವರು ಬೆಳಗಾವಿ ಸೀಮೆಯವರು. ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ, ಸುತ್ತಲೂ ಕನ್ನಡ ಕೇಳುತ್ತ, ಮರಾಠಿಯಲ್ಲಿ ಬರೆದರು. ಖಗೋಲ ಶಾಸ್ತ್ರಜ್ಞ ಶ್ರೀನಿವಾಸ ಕುಲಕರ್ಣಿಯವರು 1956ರಲ್ಲಿ ಹುಟ್ಟಿದ್ದು ಮಹಾರಾಷ್ಟ್ರದ ಕುರುಂದವಾಡದಲ್ಲಿ, ಬೆಳೆದದ್ದು ಹುಬ್ಬಳ್ಳಿಯಲ್ಲಿ. ಅಮೇರಿಕೆಯಲ್ಲಿದ್ದು ನಕ್ಷತ್ರಗಳ ಲೆಕ್ಕ ಬರೆದು 2024ರಲ್ಲಿ ಶಾ ಪ್ರಶಸ್ತಿಯನ್ನು ಪಡೆದರು. ಅವರ ಅಕ್ಕ ಸುಧಾ ಮೂರ್ತಿಯವರ ತವರಿನ ಹೆಸರು ಕುಲಕರ್ಣಿ. 1997ರಲ್ಲಿ ಕೊಲಂಬೋದಲ್ಲಿ ತಮ್ಮ ಮೊದಲ ಟೆಸ್ಟಿನ ಮೊದಲ ಚೆಂಡಿಗೇ ವಿಕೆಟ್ ಉರುಳಿಸಿದ ನೀಲೇಶ ಕುಲಕರ್ಣಿಯವರನ್ನು ಬಿಟ್ಟರೆ ನಮ್ಮ ಆಟದ ಹುಡುಗರು ನಮ್ಮನ್ನು ಕ್ಷಮಿಸಲಾರರು. ಇವರಲ್ಲಿ ಯಾರ ಮನೆಮಾತು ಯಾವುದೆಂಬುದನ್ನು ಅಡ್ಡಹೆಸರಿನಿಂದ ತಿಳಿಯಲು ಸಾಧ್ಯವೇ? ಎಂಟನೆಯ ಇಯತ್ತೆಯ ನಮ್ಮ ವಿದ್ಯಾರ್ಥಿಗೆ ನಾವು ಕೊಟ್ಟ ಉತ್ತರ ಇದೇ: ಹೆಸರು ನಿನ್ನ ಹಿರಿಯರು ಏನು ಕೆಲಸ ಮಾಡುತ್ತಿದ್ದರೆಂದು ಹೇಳುತ್ತದೆ, ಯಾವ ಮಾತನ್ನಾಡುತ್ತಿದ್ದರೆಂಬುದನ್ನು ನಿನ್ನ ಅಜ್ಜಿಯನ್ನು ಕೇಳು.

ಅಡ್ಡಹೆಸರೇ ಇಲ್ಲದ ವಿದ್ಯಾರ್ಥಿಗಳೂ ನಮ್ಮ ಶಾಲೆಯಲ್ಲಿ ಇದ್ದಾರೆ, ಅವರನ್ನು ಮರೆಯಲಾಗದು. ಹಳೆಯ ಮೈಸೂರಿನ ಕಡೆಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಬರೆದು ತನ್ನ ಹೆಸರು ಬರೆದರೆ ಮುಗಿಯಿತು. ನಾವು ಅಂಥವರಲ್ಲಿ ಒಬ್ಬರು. ಈ ಪ್ರಾಂತಕ್ಕೆ ಬಂದ ಹೊಸತರಲ್ಲಿ ಒಂದು ಕಚೇರಿಯ ಗುಮಾಸ್ತರು, ಅಡ್ಡಹೆಸರಿನ ಜಾಗ ಬರಿದಾಗಿರಬಾರದೆಂದು, ನಮ್ಮ ಊರಿನ ಹೆಸರಿಗೆ ‘ಕರ’ ಸೇರಿಸಿ ನಮಗೊಂದು ಹೊಸ ಮನೆತನವನ್ನೇ ಕಟ್ಟಿಕೊಟ್ಟರು. ಶಾಲಾಂತದ ಪ್ರಮಾಣಪತ್ರದಲ್ಲಿ ಒಂದು ಹೆಸರು, ಇಲ್ಲಿಯ ಕಾಗದದಲ್ಲಿ ಇನ್ನೊಂದು. ಇಬ್ಬರೂ ಒಬ್ಬರೇ ಎಂದು ಸಿದ್ಧಪಡಿಸಲು ಪ್ರತಿಜ್ಞಾಪತ್ರ ಮಾಡಿಸಿ ನಾಲ್ಕಾರು ತಿಂಗಳು ಅಲೆದೆವು. ಅಡ್ಡಹೆಸರಿಲ್ಲದಿರುವುದು ಕೊರತೆಯೇನಲ್ಲ. ಜರ್ಮನರ ಭಾಷಾವರ್ಗಕ್ಕೇ ಸೇರಿದ ಐಸ್‌ಲ್ಯಾಂಡಿನ ಜನರು ಇಂದಿಗೂ ಮನೆತನದ ಹೆಸರಿಲ್ಲದೆ, ತಂದೆಯ ಹೆಸರಿಗೆ ಮಗ ಅಥವಾ ಮಗಳು ಎಂಬ ಮಾತನ್ನು ಸೇರಿಸಿ ಸುಖವಾಗಿದ್ದಾರೆ. ಕೂಲಿಗಾಗಿ ಕಲಬುರ್ಗಿ, ಯಾದಗಿರಿಗಳಿಂದ ಬಂದ ತಾಯಿತಂದೆಗಳು ಮಗುವಿನ ಹೆಸರನ್ನು ಬಾಯಿಮಾತಿನಲ್ಲಿ ಹೇಳಿ ಹೋಗುವರು. ಕೇಳಿದವರು ತಮಗೆ ತಿಳಿದಂತೆ ಬರೆದುಕೊಳ್ಳುವರು. ಬಡಿಗೇರನು ಬಡಗೇರ ಆಗುವನು, ತಳವಾರನು ತಲವಾರ ಆಗುವನು, ಕುಳಕರ್ಣಿಯ ಳಕಾರ ಎಂದೋ ಹೋಯಿತು.

ಶಾಲೆಯ ದಾಖಲೆಪುಸ್ತಕದಲ್ಲಿ ಇರುವ ಹೆಸರೇ ಹತ್ತನೆಯ ಇಯತ್ತೆಯ ಪ್ರಮಾಣಪತ್ರಕ್ಕೆ ಹೋಗುವುದು. ಮುಂದೆ ತಿದ್ದಿಸುವುದು ಬಹಳ ತೊಂದರೆಯ ಕೆಲಸ. ಆದುದರಿಂದ ಒಂಬತ್ತು ಹತ್ತನೆಯ ಇಯತ್ತೆಯವರು ಪರೀಕ್ಷೆಯ ನಮೂನೆ ತುಂಬುವ ಮೊದಲು, ಸಾಧ್ಯವಾದರೆ ತಂದೆಯವರನ್ನೋ ತಾಯಿಯವರನ್ನೋ ಕರೆದುಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಮೇಜಿನ ಬಳಿಗೆ ಬರಬೇಕು. ಪುಸ್ತಕ ತೆರೆದು ತೋರಿಸುತ್ತೇವೆ. ಅಕ್ಷರ ಓದಲು ಬಾರದ ತಾಯಿಯಂದಿರಿಗೆ ನಾವು ಗಟ್ಟಿಯಾಗಿ ಓದಿ ಹೇಳುತ್ತೇವೆ. ಸರಿಯೆಂದು ಅವರು ಒಪ್ಪಿದ ಮೇಲೆಯೇ ಕಾಗದ ಮುಂದಕ್ಕೆ ಹೋಗುವುದು.